ಮಾವನ ಮಾತು, ಟ್ಯಾಂಕಿನ ಚಿತ್ರ

ಡೈರೆಕ್ಟರು ಜನ್ಮದಲ್ಲಿ ಒಂದೂ ಸಿನಿಮಾ ಮಾಡಿದವರಲ್ಲ. ತೂಕ ಮತ್ತು ಅಳತೆಯ ಕಚೇರಿಯಲ್ಲಿ ಅವರಿಗೆ ಕೆಲಸ. ಊರಿನ ಅಂಗಡಿಗಳ ತಕ್ಕಡಿಗಳೆಲ್ಲ ಬಂದು ಅವರ ಮೇಜಿನ ಮೇಲೆ ಕೂರಬೇಕು, ಮುಳ್ಳು ನೆಟ್ಟಗೆ ನಿಂತರೆ ಮುದ್ರೆ ಒತ್ತಿಸಿಕೊಂಡು ಹೋಗಬೇಕು. ತೂಕದ ಕಲ್ಲಿನ ತಳ ಎಳ್ಳಷ್ಟು ಸವೆದಿದ್ದರೂ ಅಂಗೈಯಲ್ಲಿಟ್ಟ ಕೂಡಲೇ ಹೇಳಿಬಿಡುವ ಆಸಾಮಿ. “ನನ್ನ ಕೈಗೆ ಮೋಸ ಮಾಡೋ ಕಲ್ಲು ಇನ್ನೂ ಹುಟ್ಟಿಲ್ಲ” ಎಂದು ಆಗಾಗ ಹೇಳುತ್ತಿದ್ದರು. ಕಲ್ಲು ಹುಟ್ಟಿರಲಿಲ್ಲ, ನಿಜ. ಫೈಲು ಹುಟ್ಟಿತ್ತು.

ಡೈರೆಕ್ಟರು ಎಂಬ ಬಿರುದು ಬಂದದ್ದು ಅವರಿದ್ದ ವಸತಿ ಕಟ್ಟಡದ ಲಿಫ್ಟಿನಿಂದ. ಹೊಸ ಲಿಫ್ಟು ಶುರುವಾದ ದಿನ, ಅಸೋಸಿಯೇಷನ್ನಿನವರು ಕೊಂಡಿಟ್ಟಿದ್ದ ಕ್ಯಾಮೆರಾದ ಗುಂಡಿ ಯಾವುದು ಎಂದು ಯಾರಿಗೂ ಗೊತ್ತಿರಲಿಲ್ಲ. ಇವರು ಮುಂದೆ ಬಂದರು. ಚಿತ್ರ ತೆಗೆದರು. ಕಂಪ್ಯೂಟರಿನಲ್ಲಿದ್ದ ಒಂದು ಪುಟ್ಟ ಸಾಫ್ಟ್‌ವೇರಿನಲ್ಲಿ ಅದನ್ನು ಕತ್ತರಿಸಿ ಜೋಡಿಸಿ, ಲಿಫ್ಟಿನ ಬಾಗಿಲು ತೆರೆಯುವಾಗೆಲ್ಲ ಪರದೆಯ ಮೇಲೆ ಹೃದಯದ ಆಕಾರ ಅರಳುವಂತೆ ಮಾಡಿದರು. ತಮ್ಮ ಮುಖ ಹೃದಯದೊಳಗಿಂದ ಹೊರಬರುವುದನ್ನು ನೋಡಿದ ನೆರೆಹೊರೆಯವರು ಅಂದೇ ಅವರನ್ನು ಡೈರೆಕ್ಟರೇ ಎಂದು ಕರೆದರು. ಅವರು ಬೇಡ ಎನ್ನಲಿಲ್ಲ. ಬಂದ ಬಿರುದನ್ನು ಹಿಂದಕ್ಕೆ ಕಳಿಸುವುದು ಸಭ್ಯತೆಯಲ್ಲ ಎಂಬುದು ಅವರ ನಂಬಿಕೆ.

ಹೀಗಿರುವಾಗ ಅವರ ಅತ್ತೆಗೆ ಎಪ್ಪತ್ತು ತುಂಬುವ ದಿನ ಹತ್ತಿರ ಬಂತು. ಕಟ್ಟಡದ ಕೆಳಗಿನ ಹಾಲಿನಲ್ಲೇ ಸಮಾರಂಭ, ಅಳಿಯನದೇ ಫಿಲ್ಮು ಎಂದು ನಿಶ್ಚಯವಾಯಿತು.

ಅತ್ತೆ ಹೊಲಿಗೆ ಕಲಿಸುವ ಟೀಚರು. ಊರಿನ ಅರ್ಧ ಹೆಂಗಸರು ಅವರ ಕೈಯಲ್ಲಿ ಬೈಸಿಕೊಂಡೇ ಸೂಜಿ ಹಿಡಿದವರು. ಮಾವ ರೈಲ್ವೆಯಲ್ಲಿ ಸಿಗ್ನಲ್ ನೋಡುತ್ತಿದ್ದು ನಿವೃತ್ತರಾದವರು. ಮಾತು ಕಡಿಮೆ ಎನ್ನುವುದು ಅವರ ವಿಷಯದಲ್ಲಿ ಉತ್ಪ್ರೇಕ್ಷೆ. ರೈಲಿಗೇ ಕೆಂಪು, ಹಸಿರು ಎರಡರಲ್ಲಿ ಕೆಲಸ ನಡೆಯುವಾಗ ಮನುಷ್ಯರಿಗೆ ಮೂರನೆಯದು ಯಾಕೆ ಎಂಬಂತೆ ಬದುಕಿದವರು. ಅತ್ತೆಯ ಗೋಳು ಇಡೀ ಬಳಗಕ್ಕೆ ಬಾಯಿಪಾಠವಾಗಿತ್ತು.

“ಮದುವೆ ಆದಾಗಿಂದ ಇವರ ಅಂಗಿ ಎಲ್ಲಾ ನಾನೇ ಹೊಲಿದಿದ್ದು. ಒಂದು ದಿನ, ಒಂದೇ ಒಂದು ದಿನ, ಚೆನ್ನಾಗಿದೆ ಕಣೇ ಅಂದಿದ್ದಾರಾ ಕೇಳಿ! ಗುಂಡಿ ಕಿತ್ತು ಬಂದ್ರೆ ಮಾತ್ರ ಎದುರಿಗೆ ಬಂದು ನಿಂತ್ಕೊಂಡು ‘ಗುಂಡಿ’ ಅಂತಾರೆ. ಅಷ್ಟೇ. ನಮ್ಮ ಸಂಸಾರದಲ್ಲಿ ಅವರಾಡಿದ ಮಾತು ಅದೊಂದೇ.”

ಅಂಥ ಮಾವನನ್ನು ಡೈರೆಕ್ಟರು ಹೇಗೋ ಪುಸಲಾಯಿಸಿ, ಅತ್ತೆಯ ಬಗ್ಗೆ ನಾಲ್ಕು ಮಾತು ಹೇಳಲು ಒಪ್ಪಿಸಿದರು. ಕ್ಯಾಮೆರಾ ಎದುರು ಕೂರಲು ಮಾವ ತಯಾರಿರಲಿಲ್ಲ. ಫೋನು ತೆಗೆದುಕೊಂಡು ಅಳಿಯನ ಮಲಗುವ ಕೋಣೆಗೆ ಹೋಗಿ ಒಳಗಿನಿಂದ ಚಿಲಕ ಹಾಕಿದರು. ಬಹಳ ಹೊತ್ತಾದ ಮೇಲೆ, ದೊಡ್ಡ ಗೂಡ್ಸ್ ಗಾಡಿಯೊಂದನ್ನು ಸಾಗಹಾಕಿದವರಂತೆ ಬೆವರೊರೆಸಿಕೊಂಡು ಹೊರಬಂದರು.

“ಆಯ್ತು. ಒಂದೇ ಸಲ ಕೇಳಿಸಿ. ಎದುರಿಗೆ ಹೇಳು ಅಂದ್ರೆ ನನ್ನ ಕೈಲಾಗಲ್ಲ.”

ಡೈರೆಕ್ಟರು ಅದನ್ನು ಕೇಳಿ ಮೂಗೊರೆಸಿಕೊಂಡರು. ಬಾಗಿಲ ಹಿಂದೆ ನಿಂತು ಕೇಳಿದ ಹೆಂಡತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. “ರೀ, ಇದೊಂದು ಅಮ್ಮನ ಕಿವಿಗೆ ಬಿದ್ರೆ ಸಾಕು. ನಿಮ್ಮ ಹೃದಯ, ಗುಲಾಬಿ ಎಲ್ಲಾ ಹಾಳಾಗಿ ಹೋಗ್ಲಿ. ಇದನ್ನ ಮಾತ್ರ ಜೋಪಾನ.”

ಫಿಲ್ಮು ಮುಗಿಯುತ್ತ ಬಂತು. ಮಾವನ ದನಿಯ ಹಿಂದೆ ಅತ್ತೆಯ ಚಿತ್ರಗಳು: ಮಿಷನ್ನು ತುಳಿಯುವುದು, ದಾರ ಪೋಣಿಸುವುದು, ಮೊಮ್ಮಗಳ ಲಂಗದ ಅಂಚು ಹಿಡಿದು ಗದರುವುದು. ಎಲ್ಲ ಅಚ್ಚುಕಟ್ಟಾಗಿತ್ತು. ಅಲ್ಲಿಗೇ ಬಿಟ್ಟಿದ್ದರೆ ಈ ಕಥೆಗೆ ಜಾಗವಿರಲಿಲ್ಲ.

ಆದರೆ ಷಡ್ಡಕ ಬಂದ. ಡೈರೆಕ್ಟರ ಹೆಂಡತಿಯ ತಂಗಿಯ ಗಂಡ. ಟಿವಿ ಚಾನೆಲ್ಲೊಂದರಲ್ಲಿ ಕೆಲಸ. ಚಾನೆಲ್ಲಿನ ಕಟ್ಟಡದ ಏಸಿ ಮಿಷನ್ನುಗಳನ್ನು ನೋಡಿಕೊಳ್ಳುವುದು ಅವನ ಪಾಲಿನ ಹೊಣೆ. ಆದರೆ ಬಾಯಿ ತೆರೆದರೆ “ನಮ್ಮ ಚಾನೆಲ್ಲಲ್ಲಿ” ಎಂದೇ ಶುರು. ಕಾಫಿ ಲೋಟ ಹಿಡಿದು ಕಂಪ್ಯೂಟರಿಗೆ ಇಣುಕಿದ.

“ಅಣ್ಣಾ, ಇದು ಯಾವ ಸಾಫ್ಟ್‌ವೇರು? ಆ ಹಳೇದಾ? ಅಯ್ಯೋ, ಇದು ಮಕ್ಕಳು ಆಟ ಆಡೋದಲ್ವಾ! ನಮ್ಮ ಚಾನೆಲ್ಲಲ್ಲಿ ಇದನ್ನ ತಂದ್ರೆ ವಾಚ್‌ಮನ್ನು ಗೇಟಲ್ಲೇ ನಿಲ್ಲಿಸ್ತಾನೆ.”

ಡೈರೆಕ್ಟರ ಕಿವಿ ಬಿಸಿಯಾಯಿತು. “ಗೊತ್ತಪ್ಪ ಗೊತ್ತು. ಇದು ಬರೀ ಕಚ್ಚಾ ಕೆಲಸ. ಇದನ್ನೆಲ್ಲ ಎತ್ತಿ ದೊಡ್ಡ ಸಾಫ್ಟ್‌ವೇರಿಗೆ ಹಾಕ್ತಾ ಇದ್ದೀನಿ. ಸಿನಿಮಾದವರು ಬಳಸ್ತಾರಲ್ಲ, ಅದಕ್ಕೆ.”

“ಯಾವಾಗಿಂದ್ರೀ?” ಎಂದಳು ಹೆಂಡತಿ ಅಡುಗೆಮನೆಯಿಂದ.

“ಈಗಿಂದ.”

ಷಡ್ಡಕ ಹೋದ ಮೇಲೆ ಅವಳು ಸೌಟು ಹಿಡಿದೇ ಬಂದಳು. “ಓಡೋ ಬಂಡಿಯ ಚಕ್ರ ಯಾಕ್ರೀ ಬಿಚ್ತೀರಾ? ಹಾಲಲ್ಲಿ ಕೂತು ನೋಡೋರಿಗೆ ಯಾವುದ್ರಲ್ಲಿ ಮಾಡಿದ್ದು ಅಂತ ಗೊತ್ತಾಗುತ್ತಾ?”

“ಅವನಿಗೆ ಗೊತ್ತಾಗುತ್ತಲ್ಲ!” ಎಂದರು ಡೈರೆಕ್ಟರು. ಜಗತ್ತಿನ ಅನೇಕ ಯುದ್ಧಗಳು ಇದೇ ಮಾತಿನಿಂದ ಶುರುವಾಗಿರಬೇಕು.

ಹಳೆಯ ಸಾಫ್ಟ್‌ವೇರಿನಲ್ಲಿ ಹುಡುಕಿದಾಗ, ಮಾಡಿದ ಕೆಲಸವನ್ನು ಬೇರೆ ಸಾಫ್ಟ್‌ವೇರಿಗೆ ಒಯ್ಯಲೆಂದು ಕಳುಹಿಸುವ ಗುಂಡಿಯೊಂದು ಸಿಕ್ಕಿತು. ಒತ್ತಿದರು. ಕಣ್ಣು ಮಿಟುಕಿಸುವಷ್ಟರಲ್ಲಿ ಒಂದು ಫೈಲು ಹೊರಬಂತು. ಇಡೀ ಫಿಲ್ಮು ಒಂದೇ ಫೈಲಿನಲ್ಲಿ! ವಿಜ್ಞಾನ ಎಲ್ಲಿಗೆ ಬಂತಪ್ಪ ಎಂದುಕೊಂಡು ಅದನ್ನು ಪೆನ್‌ಡ್ರೈವಿಗೆ ತುಂಬಿಕೊಂಡು, ಬಸ್‌ಸ್ಟಾಂಡಿನ ಹಿಂದೆ ಮದುವೆ ವಿಡಿಯೋ ಮಾಡುವ ಸ್ಟುಡಿಯೋಗೆ ಹೋದರು.

ಸ್ಟುಡಿಯೋದವನು ದಪ್ಪ ಹೆಡ್‌ಫೋನನ್ನು ಕುತ್ತಿಗೆಗೆ ಹಾರದಂತೆ ತೊಟ್ಟು, ಏಕಕಾಲಕ್ಕೆ ಮೂರು ಮದುವೆಗಳನ್ನು ಕತ್ತರಿಸುತ್ತ ಕೂತಿದ್ದ. ಪೆನ್‌ಡ್ರೈವ್ ಚುಚ್ಚಿದ. ಪರದೆಯ ಮೇಲೆ ಫಿಲ್ಮಿನ ತುಂಡುಗಳೆಲ್ಲ ಸಾಲಾಗಿ ಬಂದು ನಿಂತವು. ಉದ್ದ ಸರಿ, ಸಾಲು ಸರಿ. ಬಣ್ಣ ಮಾತ್ರ ಎಲ್ಲದಕ್ಕೂ ಒಂದೇ. ಕಡು ಕೆಂಪು.

“ವಿಡಿಯೋ ಎಲ್ಲಿ ಸಾರ್?”

“ಅದರಲ್ಲೇ ಇದೆಯಲ್ಲಪ್ಪ. ಇಡೀ ಫಿಲ್ಮು.”

“ಇದರಲ್ಲೇನೂ ಇಲ್ಲ ಸಾರ್. ಯಾವ ತುಂಡು ಎಲ್ಲಿ ಬರಬೇಕು ಅನ್ನೋ ಲೆಕ್ಕ ಅಷ್ಟೇ ಇದೆ. ನೀವು ಮನೆ ಹೊತ್ಕೊಂಡು ಬಂದೆ ಅಂದ್ಕೊಂಡಿದ್ದೀರಿ, ತಂದಿರೋದು ಮನೆ ವಿಳಾಸ. ಫೈಲಿನ ತೂಕ ನೋಡಿದ್ರಾ? ನನ್ನ ಮಗಳು ಹಲ್ಲು ಕಿಸಿದಿರೋ ಫೋಟೋ ಇದಕ್ಕಿಂತ ಭಾರ!”

ತೂಕ! ಸ್ವಂತ ಕಸುಬಿನಲ್ಲಿ ಬಿದ್ದ ಏಟು. ಮುದ್ರೆಯಿಲ್ಲದ ತಕ್ಕಡಿಯೊಂದಿಗೆ ಸಿಕ್ಕಿಬಿದ್ದ ವ್ಯಾಪಾರಿಯಂತೆ ಡೈರೆಕ್ಟರು ತಲೆ ತಗ್ಗಿಸಿದರು.

“ಹೋಗ್ಲಿ ಬಿಡಿ ಸಾರ್, ಎಲ್ರಿಗೂ ಆಗೋದೇ. ಮನೇಲಿ ಈ ಸಾಫ್ಟ್‌ವೇರು ಹಾಕ್ಕೊಳ್ಳಿ. ಫೈಲು ತೆಗೀರಿ. ವಿಡಿಯೋಗಳು ಎಲ್ಲಿವೆ ಅಂತ ಕೇಳುತ್ತೆ. ಅವು ಇರೋ ಫೋಲ್ಡರು ತೋರಿಸಿ. ಹೆಸರು ನೋಡ್ಕೊಂಡು ಅದೇ ಹುಡುಕಿ ತಂದು ಕೂರಿಸುತ್ತೆ. ಆದ್ರೆ ಒಂದು ಎಚ್ಚರ ಸಾರ್, ಹೆಸರು—”

ಅಷ್ಟರಲ್ಲಿ ಅವನಿಗೆ ಫೋನು ಬಂತು. ವರನ ತಂದೆ. ಫಿಲ್ಮಿನಲ್ಲಿ ತಮಗಿಂತ ಬೀಗರೇ ಹೆಚ್ಚು ಬಂದಿದ್ದಾರೆಂಬ ಅವರ ದೂರು ಫೋನಿನಿಂದ ಹೊರಗೂ ಕೇಳುತ್ತಿತ್ತು. ಸ್ಟುಡಿಯೋದವನು ‘ಅಷ್ಟೇ, ಹೊರಡಿ’ ಎಂಬಂತೆ ಕೈ ಆಡಿಸಿದ. ಡೈರೆಕ್ಟರು ಅರ್ಧ ಸಲಹೆ ಜೇಬಿಗೆ ಹಾಕಿಕೊಂಡು ಹೊರಟರು. ಉಳಿದರ್ಧ ಸ್ಟುಡಿಯೋದಲ್ಲೇ ಉಳಿಯಿತು.

ಮನೆಯಲ್ಲಿ ದೊಡ್ಡ ಸಾಫ್ಟ್‌ವೇರು ಬಂದು ಕೂತಿತು. ಕೂತದ್ದೇ ಡೈರೆಕ್ಟರ ಸಂಸಾರವನ್ನೆಲ್ಲ ಗುಡಿಸಿ ಹಾಕಿತು. ಅರಳುವ ಹೃದಯಗಳು ಮಾಯ. ಉದುರುವ ಗುಲಾಬಿ ದಳ ಮಾಯ. ಪುಟ ಮಗುಚುವುದು, ಬುಗುರಿಯಂತೆ ತಿರುಗುವುದು ಯಾವುದನ್ನೂ ಅದು ಬಲ್ಲೆನೆನ್ನಲಿಲ್ಲ. ‘ನಮ್ಮ ಅಮ್ಮ, ನಮ್ಮ ಹೆಮ್ಮೆ’ ಎಂದು ಬಂಗಾರದ ಅಕ್ಷರದಲ್ಲಿ ಬರೆದದ್ದರ ಜಾಗದಲ್ಲಿ ‘ಇಲ್ಲಿ ಬರೆಯಿರಿ’ ಎಂದಿತ್ತು. ಡೈರೆಕ್ಟರು ಮೊದಲಿನಿಂದ ಒಂದೊಂದನ್ನೇ ಬರೆಯತೊಡಗಿದರು. ಸಂಜೆ ಕಚೇರಿಯಿಂದ ಬಂದವರು ಕೈಕಾಲು ತೊಳೆಯದೆ ಅದರ ಮುಂದೆ ಕೂರುತ್ತಿದ್ದರು.

ಒಂದು ಸಂಜೆ ಮಾವ ಬಂದು ಅವರ ಹಿಂದೆ ನಿಂತರು. ಪರದೆಯನ್ನು ತುಂಬ ಹೊತ್ತು ನೋಡಿದರು.

“ಕೆಂಪು.”

“ಅದು ಸರಿ ಹೋಗುತ್ತೆ ಮಾವ.”

“ಕೆಂಪಿದ್ರೆ ಗಾಡಿ ಬಿಡಬಾರದು” ಎಂದು ಹೇಳಿ, ಆ ದಿನದ ಮಾತಿನ ಪಡಿತರ ಮುಗಿದವರಂತೆ ಹೊರಟುಹೋದರು.

ಸುದ್ದಿ ಲಿಫ್ಟಿನಲ್ಲಿ ಮೇಲೆ ಕೆಳಗೆ ಓಡಾಡಿತು. ಅಸೋಸಿಯೇಷನ್ನಿನ ಸೆಕ್ರೆಟರಿ ತಾವೇ ವಿಚಾರಿಸಲು ಬಂದರು. ಯಾವ ಸಣ್ಣ ವಿಷಯವನ್ನೂ ಭಾಷಣವಾಗಿಸುವ ದೊಡ್ಡ ಮನುಷ್ಯ ಅವರು.

“ಡೈರೆಕ್ಟರೇ, ಫಿಲ್ಮು ಕೆಂಪಾಗಿದೆಯಂತೆ? ಏನೇ ಸಹಾಯ ಬೇಕಿದ್ರೂ ಅಸೋಸಿಯೇಷನ್ನು ನಿಮ್ಮ ಬೆನ್ನಿಗಿದೆ.”

“ಬಿಸಿಯಾಗಿರುತ್ತೆ ಸಾರ್” ಎಂದ ಜೊತೆಗೆ ಬಂದಿದ್ದ ಪಂಪ್ ಮೆಕ್ಯಾನಿಕ್ಕು. ಕಟ್ಟಡದ ನೀರು ಅವನ ಕೈಯಲ್ಲಿದ್ದುದರಿಂದ ಅವನ ಅಭಿಪ್ರಾಯಕ್ಕೆ ಎಲ್ಲೆಡೆ ಬೆಲೆಯಿತ್ತು. “ಮೋಟಾರು ಹಿಡ್ಕೊಂಡಾಗ ನಾನು ಏನ್ಮಾಡ್ತೀನಿ? ಆಫ್ ಮಾಡಿ ಒದ್ದೆ ಬಟ್ಟೆ ಹಾಕ್ತೀನಿ.”

“ಕಂಪ್ಯೂಟರಿಗೆ ಒದ್ದೆ ಬಟ್ಟೆನಾ?” ಎಂದು ಹೆಂಡತಿ ಹೌಹಾರಿ ಅದಕ್ಕೆ ಅಡ್ಡ ನಿಂತಳು.

ಸಮಾರಂಭದ ದಿನ ಬೆಳಿಗ್ಗೆ ಅಕ್ಷರದ ಕೆಲಸ ಅರ್ಧವಾಗಿತ್ತು, ಕೆಂಪು ಇನ್ನೂ ಹಾಗೇ ಇತ್ತು. ಡೈರೆಕ್ಟರು ಇನ್ನು ಅದನ್ನೇ ನೋಡೋಣವೆಂದು ಕೂತರು. ‘ವಿಡಿಯೋಗಳು ಎಲ್ಲಿವೆ?’ ಎಂದು ಕೇಳಿತು ಸಾಫ್ಟ್‌ವೇರು. ಒಂದೊಂದೇ ಫೋಲ್ಡರು ತೋರಿಸುವಷ್ಟು ವ್ಯವಧಾನ ಯಾರಿಗಿತ್ತು? ತಾವು ಇದುವರೆಗೆ ತೆಗೆದ ಎಲ್ಲ ಚಿತ್ರಗಳೂ ಇದ್ದ ದೊಡ್ಡ ಫೋಲ್ಡರನ್ನೇ ತೋರಿಸಿ, ‘ಹುಡುಕ್ಕೋ’ ಎಂದರು.

ಮರುಗಳಿಗೆಯಲ್ಲಿ ಕೆಂಪೆಲ್ಲ ಸರ್ರನೆ ಮಾಯವಾಯಿತು. ಒಂದೊಂದು ತುಂಡಿನಲ್ಲೂ ಸಾಸಿವೆಯಷ್ಟು ಚಿತ್ರ ಮೂಡಿತು. ‘ಎಲ್ಲ ಸಿಕ್ಕಿವೆ’ ಎಂದಿತು ಸಾಫ್ಟ್‌ವೇರು.

ಇಲ್ಲಿ ನಿಮಗೊಂದು ವಿಷಯ ಹೇಳಿಬಿಡುತ್ತೇನೆ, ಡೈರೆಕ್ಟರಿಗೆ ಮಾತ್ರ ಹೇಳಬೇಡಿ. ಡೈರೆಕ್ಟರು ಎಲ್ಲದಕ್ಕೂ ಬಳಸುತ್ತಿದ್ದ ಅಸೋಸಿಯೇಷನ್ನಿನ ಆ ಕ್ಯಾಮೆರಾಕ್ಕೆ ಒಂದು ಚಾಳಿಯಿತ್ತು. ಒಳಗಿನ ಕಾರ್ಡು ಖಾಲಿ ಮಾಡಿದಾಗೆಲ್ಲ ಅದು ತೆಗೆದ ಚಿತ್ರಗಳಿಗೆ ಮತ್ತೆ ಒಂದರಿಂದ ನಂಬರು ಹಾಕುತ್ತಿತ್ತು. ಅತ್ತೆ ಮಿಷನ್ನು ತುಳಿಯುವ ಚಿತ್ರಕ್ಕೂ ಒಂದನೇ ನಂಬರು. ಅದಕ್ಕೆ ಮುಂಚೆ ಅಸೋಸಿಯೇಷನ್ನಿಗಾಗಿ ತೆಗೆದ, ನೀರಿನ ಟ್ಯಾಂಕು ತೊಳೆಯುವ ಚಿತ್ರಕ್ಕೂ ಒಂದನೇ ನಂಬರು. ಹಳೆಯ ಸಾಫ್ಟ್‌ವೇರಿಗೆ ಯಾರು ಯಾವ ಫೋಲ್ಡರಿನವರೆಂದು ಗೊತ್ತಿತ್ತು. ಹೊಸದು ಹೆಸರು ಕೂಗಿತು. ಮೊದಲು ‘ಬಂದೆ’ ಎಂದವರನ್ನು ಕೂರಿಸಿತು. ಅಸೋಸಿಯೇಷನ್ನಿನ ಫೋಲ್ಡರು ಸಾಲಿನಲ್ಲಿ ಮುಂದಿತ್ತು.

ಡೈರೆಕ್ಟರು ಮನೆಯವರನ್ನೆಲ್ಲ ಕರೆದು ಶುರುವಿನ ತುಸು ಭಾಗ ನೋಡಿದರು. ಅತ್ತೆಯ ಹಳೆಯ ಫೋಟೋಗಳು ಒಂದಾದ ಮೇಲೊಂದು ಬಂದವು. ಅವಕ್ಕೂ, ಫೋನಿನಿಂದ ಬಂದ ಮಾವನ ದನಿಗೂ ಬೇರೆ ಹೆಸರುಗಳಿದ್ದವು, ಹಾಗಾಗಿ ತಪ್ಪಿಲ್ಲ.

“ಪೂರ್ತಿ ನೋಡೋಣ್ರೀ” ಎಂದಳು ಹೆಂಡತಿ.

“ಒಂದು ಅಗುಳು ಹಿಚುಕಿ ನೋಡಿದ್ರೆ ಸಾಕು, ಇಡೀ ಪಾತ್ರೆ ಹಿಚುಕಬೇಕಾ? ಕುರ್ಚಿ ಹಾಕಿಸಬೇಕು, ನಡಿ ನಡಿ!”

ಸಂಜೆ ಹಾಲು ತುಂಬಿತು. ಮೊದಲ ಸಾಲಿನಲ್ಲಿ ಅತ್ತೆ, ಪಕ್ಕದಲ್ಲಿ ಮಾವ. ಮಾವನ ಮುಖ ಆಪರೇಷನ್ನಿಗೆ ಕೂತವರಂತಿತ್ತು. ಹಿಂದಿನ ಸಾಲಿನಲ್ಲಿ ಅತ್ತೆಯ ಶಿಷ್ಯೆಯರು, ಸೆಕ್ರೆಟರಿ, ಇಸ್ತ್ರಿಯ ಅಂಗಿ ತೊಟ್ಟ ಮೆಕ್ಯಾನಿಕ್ಕು. ಪ್ರೊಜೆಕ್ಟರಿನ ಪಕ್ಕದಲ್ಲಿ ಷಡ್ಡಕ, ಕೈಕಟ್ಟಿಕೊಂಡು.

ದೀಪ ಆರಿತು. ಫೋಟೋಗಳು ಬಂದವು. ಎರಡು ಜಡೆಯ ಅತ್ತೆ, ಮೊದಲ ಮಿಷನ್ನಿನ ಜೊತೆ ಅತ್ತೆ. ಚಪ್ಪಾಳೆ. “ಪರವಾಗಿಲ್ಲ ಅಣ್ಣಾ, ಕ್ಲಾರಿಟಿ ಇದೆ” ಎಂದ ಷಡ್ಡಕ. ಡೈರೆಕ್ಟರ ಎದೆ ಬೆರಳಗಲ ಉಬ್ಬಿತು.

ಆಮೇಲೆ ಮಾವನ ದನಿ ಕೇಳಿಸಿತು. ಅತ್ತೆ ಥಟ್ಟನೆ ತಿರುಗಿ ಗಂಡನ ಮುಖ ನೋಡಿದರು.

“ಮೊದಲ ಸಲ ಈ ಮುಖ ನೋಡಿದ ದಿನ ನನಗಿನ್ನೂ ನೆನಪಿದೆ…”

ಪರದೆಯ ಮೇಲೆ ಸಿಮೆಂಟಿನ ಮುಚ್ಚಳ ಸರಿಯಿತು. ಟ್ಯಾಂಕಿನೊಳಗಿಂದ ಪಂಪ್ ಮೆಕ್ಯಾನಿಕ್ಕಿನ ತಲೆ ಮೇಲೆದ್ದಿತು. ಬಾಯಲ್ಲಿ ಟಾರ್ಚು ಕಚ್ಚಿಕೊಂಡಿದ್ದ.

“…ಕತ್ತಲೆ ಮನೆಗೆ ಬೆಳಕು ಬಂದ ಹಾಗಾಯ್ತು.”

ಟಾರ್ಚು ನೇರ ಸಭಿಕರ ಕಣ್ಣಿಗೆ ಹೊಡೆಯಿತು.

“ಅದು ನಾನು!” ಎಂದು ಮೆಕ್ಯಾನಿಕ್ಕು ಎದ್ದು ನಿಂತ. ಹಿಂದಿನವರು ಅಂಗಿ ಹಿಡಿದು ಕೂರಿಸಿದರು.

“ಅಂಥ ರೂಪ ನಾನು ಇನ್ನೆಲ್ಲೂ ನೋಡಲಿಲ್ಲ” ಎಂದಿತು ಮಾವನ ದನಿ. ಮೆಕ್ಯಾನಿಕ್ಕು ಪಟ್ಟೆ ಚಡ್ಡಿಯಲ್ಲಿ ಪೂರ್ತಿ ಮೇಲೆ ಬಂದು ಹೊಟ್ಟೆ ಕೆರೆದುಕೊಂಡ. ಅದರ ಮೇಲೆ ಬಂಗಾರದ ಅಕ್ಷರದಲ್ಲಿ ‘ಇಲ್ಲಿ ಬರೆಯಿರಿ’ ಎಂದು ಮೂಡಿತು.

“ಈ ಕೈ ಸೋಕಿದ್ದೆಲ್ಲ ಹೊಸದಾಗ್ತಿತ್ತು.” ಆ ಕೈ ಕೆಸರಿನಿಂದ ಹಳೆಯ ಚಪ್ಪಲಿಯೊಂದನ್ನು ಎಳೆದು ಎತ್ತಿ ತೋರಿಸಿತು.

“ಕದ್ದು ಅತ್ತಿದ್ದು ನಾನು ನೋಡಿಲ್ಲ ಅಂದ್ಕೊಂಡಿರಬಹುದು. ನೋಡಿದ್ದೀನಿ.” ಕೊಳೆನೀರಿನ ಕೊಳವೆ ಭುಸ್ಸೆಂದು ಹರಿಯಿತು.

ಶಿಷ್ಯೆಯರು ಸೆರಗು ಬಾಯಿಗೆ ತುರುಕಿಕೊಂಡರು. ಡೈರೆಕ್ಟರ ಕೈ ಮೌಸಿಗಾಗಿ ತಡಕಾಡಿ, ಮೊದಲು ನೀರಿನ ಬಾಟಲಿ ಒತ್ತಿ, ಆಮೇಲೆ ಷಡ್ಡಕನ ಮೊಣಕಾಲು ಒತ್ತಿ, ಕೊನೆಗೆ ಹೇಗೋ ಫಿಲ್ಮು ನಿಲ್ಲಿಸಿತು. ಪರದೆಯ ಮೇಲೆ, ಕೊಳವೆಯ ಪಕ್ಕ, ಮೆಕ್ಯಾನಿಕ್ಕು ಇನ್ನೂ ಚಪ್ಪಲಿ ಎತ್ತಿ ಹಿಡಿದೇ ಸ್ಥಿರವಾಗಿ ನಿಂತ.

“ಅಣ್ಣಾ, ಇದೇನಾ ದೊಡ್ಡ ಸಾಫ್ಟ್‌ವೇರು?” ಎಂದ ಷಡ್ಡಕ.

ಡೈರೆಕ್ಟರು ಬಾಯಿ ತೆರೆಯುವ ಮೊದಲೇ ಸೆಕ್ರೆಟರಿ ಎದ್ದು ನಿಂತಿದ್ದರು. ಕಣ್ಣು ತೇವವಾಗಿತ್ತು.

“ಹಿರಿಯರೇ! ಟ್ಯಾಂಕು ತೊಳೆಸ್ತೀವಿ, ಯಾರೂ ಒಂದು ಒಳ್ಳೆ ಮಾತಾಡಲ್ಲ. ನೀರು ಬರದಿದ್ರೆ ಬೈಯೋಕೆ ಬರ್ತಾರೆ. ನೀವು ನಮ್ಮ ಅಸೋಸಿಯೇಷನ್ನಿನ ಕೆಲಸಾನ ಹೃದಯ ತುಂಬಿ ಹೊಗಳಿದ್ರಿ. ಇಡೀ ಕಮಿಟಿ ಪರವಾಗಿ—”

“ನನ್ನನ್ನ ಇಷ್ಟು ಯಾರೂ ಹೊಗಳಿರಲಿಲ್ಲ ಯಜಮಾನ್ರೇ” ಎಂದು ಮೆಕ್ಯಾನಿಕ್ಕೂ ಕೈ ಮುಗಿದ. “ನಮ್ಮನೇಲೂ ಹೇಳಿಲ್ಲ.”

ಅತ್ತೆ ನಿಧಾನಕ್ಕೆ ಗಂಡನ ಕಡೆ ತಿರುಗಿದರು.

“ಟ್ಯಾಂಕಿಗೆ ಇಷ್ಟುದ್ದ ಮಾತಾಡಿದ್ರಾ? ನನಗೆ ಇಷ್ಟು ವರ್ಷಕ್ಕೆ ‘ಗುಂಡಿ’. ಟ್ಯಾಂಕಿಗೆ ಬೆಳಕು, ರೂಪ, ಕೈ… ಆಹಾ! ಆಗ್ಲಿ ಬಿಡಿ. ನಾಳೆಯಿಂದ ಅಂಗಿ ಟ್ಯಾಂಕಿನ ಹತ್ರಾನೇ ಹೊಲಿಸ್ಕೊಳ್ಳಿ.”

ದನಿಯಲ್ಲಿ ತಮಾಷೆಯಿತ್ತು, ಆದರೆ ತುದಿಯಲ್ಲಿ ದಾರ ಕಿತ್ತಂತೆ ಏನೋ ನಡುಗಿತು. ಡೈರೆಕ್ಟರಿಗೆ ಮಾವನ ಷರತ್ತು ನೆನಪಾಯಿತು. ಮಾವ ಒಂದೇ ಸಲ ಎಂದಿದ್ದರು. ಆ ಒಂದು ಸಲವನ್ನು ತಾವು ಕೊಳೆನೀರಿಗೆ ಬಿಟ್ಟಿದ್ದರು.

“ಮಾವ, ತಪ್ಪು ನಂದು. ನಾನು ಹೇಳ್ತೀನಿ, ಅದು ಹೆಂಗಾಯ್ತು ಅಂದ್ರೆ—”

ಮಾವ ಎದ್ದರು. ಬರುತ್ತಿರುವ ಎಕ್ಸ್‌ಪ್ರೆಸ್ಸನ್ನು ತಡೆಯುವವರಂತೆ ಬಲಗೈ ಎತ್ತಿ ಹಿಡಿದರು. ಅಳಿಯ ನಿಂತಲ್ಲೇ ನಿಂತರು. ಸೆಕ್ರೆಟರಿಯ ಭಾಷಣ ಗಂಟಲಲ್ಲೇ ನಿಂತಿತು. ಮಾವ ಪರದೆಯ ಮುಂದೆ ಹೋಗಿ ತಿರುಗಿದರು. ಮೆಕ್ಯಾನಿಕ್ಕಿನ ಚಡ್ಡಿಯ ಪಟ್ಟೆ ಅವರ ಬಿಳಿಯ ಅಂಗಿಯ ಮೇಲೆ ಬಿದ್ದಿತ್ತು.

“ಟ್ಯಾಂಕಿಗಲ್ಲ.”

ಅತ್ತೆಯ ಕಡೆ ಕೈ ತೋರಿಸಿದರು.

“ಇವಳಿಗೆ.”

ಮುಗಿಯಿತೆಂದುಕೊಂಡರು ಎಲ್ಲರೂ. ಎರಡು ಮಾತು ಎಂದರೆ ಅವರ ಲೆಕ್ಕದಲ್ಲಿ ಹರಿಕಥೆ. ಆದರೆ ಮಾವ ಅಲ್ಲೇ ನಿಂತಿದ್ದರು.

“ಆ ಮಾತೆಲ್ಲ ಇವಳಿಗೇ ಹೇಳಿದ್ದು. ಬೆಳಕು ಅಂದಿದ್ದು ಇವಳಿಗೆ. ಈಗ ಹಾಕ್ಕೊಂಡಿರೋ ಅಂಗೀನೂ ಇವಳು ಹೊಲಿದಿದ್ದು.” ಅಂಗಿಯ ಅಂಚನ್ನು ಹಿಡಿದು ತೋರಿಸಿದರು. “ಚೆನ್ನಾಗಿದೆ. ಎಲ್ಲಾ ಅಂಗೀನೂ ಚೆನ್ನಾಗಿದ್ವು. ಹಸಿರಿದ್ದಾಗ ಗಾಡಿ ಸುಮ್ಮನೆ ಹೋಗ್ತಿರುತ್ತೆ, ಯಾರೂ ಮಾತಾಡಲ್ಲ. ಕೆಂಪು ಬಿದ್ರೆ ಮಾತ್ರ ಕೂಗ್ತಾರೆ. ಅದಕ್ಕೇ ನಾನು ಗುಂಡಿ ಕಿತ್ತಾಗ ಮಾತ್ರ… ಉಳಿದ ದಿನ ಎಲ್ಲಾ ಹಸಿರೇ ಇತ್ತಲ್ಲ.”

ಅತ್ತೆ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಗಂಡನ ಅಂಗಿಯನ್ನು ಮೇಲಿನಿಂದ ಕೆಳಗೆ ಟೀಚರ ಕಣ್ಣಿನಿಂದ ನೋಡಿದರು.

“ಎರಡನೇ ಗುಂಡಿ ಸಡಿಲ ಆಗಿದೆ” ಎಂದರು. “ಮನೆಗೆ ಬನ್ನಿ, ಹಾಕ್ಕೊಡ್ತೀನಿ.”

ಮಾವ ಬಂದು ಪಕ್ಕದಲ್ಲಿ ಕೂತರು. ಅಳಿಯನ ಕಡೆ ನೋಡಿ ಕೈ ಬೀಸಿದರು. “ಅಳಿಯಂದ್ರೇ, ಹಸಿರು. ಬಿಡಿ ಗಾಡಿ.”

ಫಿಲ್ಮು ಮುಂದೆ ಓಡಿತು. ಟ್ಯಾಂಕು, ಬಕೆಟ್ಟು, ಬ್ಲೀಚಿಂಗ್ ಪುಡಿ, ಅದರ ಮೇಲೆ ಮಾವನ ದನಿ. ಈಗ ಎಲ್ಲರಿಗೂ ಅರ್ಥವಾಗುತ್ತಿತ್ತು, ಹಾಗಾಗಿ ಧೈರ್ಯವಾಗಿ ನಕ್ಕರು. ಅತ್ತೆ ನಕ್ಕು ನಕ್ಕು ಕೆಮ್ಮಿದರು. ಮಾವ ನೀರು ಕೊಟ್ಟರು. ಮೆಕ್ಯಾನಿಕ್ಕು ಮಾತ್ರ ಸ್ವಲ್ಪ ಬೇಸರದಲ್ಲಿದ್ದ. “ಆ ಕೈ ಸೋಕಿದ್ದರ ಮಾತಾದ್ರೂ ನನಗೆ ಬಿಟ್ಟುಕೊಡಬಹುದಿತ್ತು” ಎಂದ.

ಮರುವಾರ ಡೈರೆಕ್ಟರು ಹಳೆಯ ಸಾಫ್ಟ್‌ವೇರಿನಲ್ಲಿದ್ದ ಫಿಲ್ಮನ್ನೇ ಹೃದಯ, ಗುಲಾಬಿ ಸಮೇತ ಹೊರತೆಗೆದರು. ಈ ಸಲ ಆದಿಯಿಂದ ಅಂತ್ಯದವರೆಗೆ ಕೂತು ನೋಡಿದರು. ಫೈಲಿನ ತೂಕವನ್ನೂ ನೋಡಿದರು. ಸರಿಯಾಗಿತ್ತು, ಮುದ್ರೆ ಒತ್ತಬಹುದಾಗಿತ್ತು. ಹೆಂಡತಿಯನ್ನು ಕರೆದುಕೊಂಡು ಅತ್ತೆಯ ಮನೆಗೆ ಹೋಗಿ ಕೊಟ್ಟರು.

ಅತ್ತೆ ನೋಡಿದರು. ಮಿಷನ್ನು ತುಳಿಯುವ ತಾವು, ದಾರ ಪೋಣಿಸುವ ತಾವು. ಕೊನೆಯವರೆಗೂ ನೋಡಿ, “ಚೆನ್ನಾಗಿದೆ ಅಳಿಯಂದ್ರೇ” ಎಂದರು. ಆಮೇಲೆ ತಮ್ಮ ಫೋನನ್ನು ಅವರ ಮುಂದೆ ತಳ್ಳಿದರು.

“ಇದು ನೆಂಟರಿಗೆ ತೋರಿಸೋಕೆ ಇರ್ಲಿ. ನನ್ನ ಫೋನಿಗೆ ಆ ಟ್ಯಾಂಕಿಂದೇ ಹಾಕ್ಕೊಡಿ.”